ಕೈಪಿಡಿಯ ಲಿಂಕ್ ಒತ್ತಿದರೆ '404' ಬರುತ್ತದೆಯೇ? ರೂಟರ್‌ನದ್ದು ತಪ್ಪಲ್ಲ

ಉಜಿರೆ: ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ ಬಳಸುವವರಿಗೆ ಇದು ಹೊಸತೇನಲ್ಲ. ಹೋದ ವರ್ಷ ಡೈರಿಯಲ್ಲಿ ಬರೆದಿಟ್ಟ ಕೈಪಿಡಿಯ ಲಿಂಕ್ ಇವತ್ತು ಹಾಕಿದರೆ '404' ಅಂತ ಬರುತ್ತದೆ. ರೂಟರ್ ಆಫ್-ಆನ್ ಮಾಡಿ ಪ್ರಯೋಜನವಿಲ್ಲ. 404 ಅಂದರೆ ನೀವು ಸರ್ವರ್‌ವರೆಗೆ ತಲುಪಿದ್ದೀರಿ, ಕೇಳಿದ ಫೈಲ್ ಮಾತ್ರ ಆ ವಿಳಾಸದಲ್ಲಿ ಇಲ್ಲ.

ಅಂಗಡಿ ಬದಲಾಯಿಸಿದವರು ಹಳೇ ಶಟರ್ ಮೇಲೆ 'ಸ್ಥಳಾಂತರಗೊಂಡಿದೆ' ಅಂತ ಬೋರ್ಡ್ ಹಾಕ್ತಾರಲ್ಲ, ವೆಬ್‌ಸೈಟ್‌ನಲ್ಲೂ ಹಾಗೆ ಮಾಡಬಹುದು. ಅದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಸಣ್ಣ ಕೆಲಸ, ಆದರೆ ಎಷ್ಟೋ ಕಡೆ ಮಾಡುವುದೇ ಇಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ.38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ ಎಂದು ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಹೇಳಿತ್ತು.

ಕನ್ನಡಕ್ಕೂ ಇದರ ಬಿಸಿ ತಟ್ಟಿದೆ. ಲಿನಕ್ಸ್ ಬಳಸುವವರಿಗೆ ಗೊತ್ತಿರುವ 'ಲೋಹಿತ್ ಕನ್ನಡ' ಫಾಂಟ್ ಮೊದಲು ಫೆಡೋರಾ ಹೋಸ್ಟೆಡ್ ಎಂಬ ತಾಣದಲ್ಲಿತ್ತು. 2017ರ ಮಾರ್ಚ್ 1ರಂದು ಆ ತಾಣವೇ ನಿಂತಿತು, ಫಾಂಟ್ 'ಪಗೂರ್' ಎಂಬಲ್ಲಿಗೆ ಹೋಯಿತು. ಫಾಂಟ್ ಹಾಳಾಗಲಿಲ್ಲ. ಹಳೇ ವಿಳಾಸ ನಂಬಿ ಬರೆದ ಸೂಚನೆಗಳು ಮಾತ್ರ ಹಳತಾದವು.

ಇದಕ್ಕಿಂತ ತಲೆನೋವಿನದ್ದು ಬೇರೊಂದಿದೆ. ಲಿಂಕ್ ಕೆಲಸ ಮಾಡುತ್ತದೆ, ಬರುವ ಫೈಲ್ ಬೇರೆ! ಲಿಬ್ರೆ ಆಫೀಸ್‌ನ ಮುಖ್ಯ ಡೌನ್‌ಲೋಡ್ ಪುಟ ಯಾವಾಗಲೂ ಹೊಸ ಆವೃತ್ತಿಯನ್ನೇ ಕೊಡುತ್ತದೆ. 25.8ನೇ ಆವೃತ್ತಿಯಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಂತಿದೆ. ಅಂಗಡಿಯ ಮೂಲೆಯಲ್ಲಿ ಇನ್ನೂ ವಿಂಡೋಸ್ 7 ಕಂಪ್ಯೂಟರ್ ಓಡಿಸುತ್ತಿರುವವರು ಆ ಫೈಲ್ ಇಳಿಸಿಕೊಂಡು ಮಾಡುವುದೇನು? ಅವರಿಗೆ ಬೇಕಾದ್ದು 25.2 ಅಥವಾ ಅದಕ್ಕಿಂತ ಹಿಂದಿನದು, ಜೊತೆಗೆ ಅದೇ ಆವೃತ್ತಿಯ ಕೈಪಿಡಿ. ಅಂದಹಾಗೆ, 7.6ರ ನಂತರ ಬಂದದ್ದೇ 24.2. ಮಧ್ಯೆ ಏನೋ ಬಿಟ್ಟುಹೋಗಿದೆ ಅಂತ ಹುಡುಕುವುದು ಬೇಡ. 2024ರಿಂದ ವರ್ಷ-ತಿಂಗಳಿನ ಲೆಕ್ಕದಲ್ಲಿ ನಂಬರ್ ಕೊಡುತ್ತಿದ್ದಾರೆ.

ಹಳೇ ಆವೃತ್ತಿಗಳು ಮುಖ್ಯ ಡೌನ್‌ಲೋಡ್ ಸರ್ವರ್‌ನಲ್ಲಿ ಬಹಳ ದಿನ ಇರುವುದಿಲ್ಲ. ಹಾಗಾಗಿ ಅಲ್ಲಿಯ ಲಿಂಕ್‌ನಲ್ಲಿ ನಂಬರ್ ಇದ್ದರೂ ಅದು ಸಾಯುತ್ತದೆ. ಲಿಬ್ರೆ ಆಫೀಸ್ ನಡೆಸುವ ಡಾಕ್ಯುಮೆಂಟ್ ಫೌಂಡೇಶನ್ ಇದಕ್ಕೆಂದೇ ಪ್ರತ್ಯೇಕ ಆರ್ಕೈವ್ ಸರ್ವರ್ ಇಟ್ಟಿದೆ. ಉಳಿಸಿಕೊಳ್ಳಬೇಕಾದ್ದು ಅಲ್ಲಿಯ ಲಿಂಕ್. ಪೈಥಾನ್‌ನವರ ವ್ಯವಸ್ಥೆ ಇನ್ನೂ ಅಚ್ಚುಕಟ್ಟು. ಅವರ ಕೈಪಿಡಿಯ ವಿಳಾಸದ ಕೊನೆಗೆ ಬರೀ '3' ಹಾಕಿದರೆ ಹೊಸದು ಬರುತ್ತದೆ, '3.11' ಹಾಕಿದರೆ 3.11ರದ್ದೇ ಬರುತ್ತದೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಇಲ್ಲಿನ ಕಾಲೇಜು ಮಕ್ಕಳು ಎರಡನೆಯದನ್ನೇ ನಮೂದಿಸುವುದು ಒಳ್ಳೆಯದು.

ಲಿಂಕ್ ಸತ್ತಿತು ಅಂತ ಗೂಗಲ್‌ನಲ್ಲಿ ಸಿಕ್ಕಿದ 'ಫ್ರೀ ಡೌನ್‌ಲೋಡ್' ಸೈಟಿಗೆ ಹೋದರೆ ವೈರಸ್ ಅಂಟಿಕೊಳ್ಳುವ ಭಯ ಇದ್ದೇ ಇದೆ. ಅದರ ಬದಲು ಹಳೇ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ 'ವೇಬ್ಯಾಕ್ ಮಷಿನ್'ನಲ್ಲಿ ಹಾಕಿ ನೋಡಬಹುದು. ಎಲ್ಲವೂ ಸಿಗುತ್ತದೆ ಅಂತಿಲ್ಲ, ಪಿಡಿಎಫ್ ಕೈಪಿಡಿಗಳು ಕೆಲವೊಮ್ಮೆ ಸಿಗುತ್ತವೆ. ಸಿಕ್ಕಿದ್ದನ್ನು ಆವೃತ್ತಿ ನಂಬರ್ ಸಮೇತ ಹೆಸರಿಟ್ಟು ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಡಿ.