ಊದುಯಂತ್ರಗಳ ದೋಷಾನುಮಾನದಲ್ಲಿ ವಿದ್ಯುತ್ಪ್ರವಾಹವೆಂಬ ಲಿಂಗ

ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವ ಅನುಮಾನಕ್ಕೆ ನ್ಯಾಯಶಾಸ್ತ್ರದಲ್ಲಿ ಶೇಷವತ್ ಎಂದು ಹೆಸರು. ನದಿಯು ತುಂಬಿ ಹರಿಯುವುದನ್ನು ಕಂಡು ಮೇಲುಸೀಮೆಯಲ್ಲಿ ಮಳೆಯಾಗಿದೆಯೆಂದು ಊಹಿಸುವುದು ಇದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು ಕೊಟ್ಟ ದೃಷ್ಟಾಂತ. ಪಾಠಶಾಲೆಗಳಲ್ಲಿ ಓದಿದವರಿಗೆ ಇದು ಕಂಠಸ್ಥವಾದ ವಿಷಯವೇ ಸರಿ. ಈ ಅನುಮಾನವನ್ನೇ ಇಂದಿನ ಇಂಜಿನಿಯರುಗಳು ಯಂತ್ರಗಳ ರೋಗನಿದಾನದಲ್ಲಿ ಬಳಸುತ್ತಿರುವರು. ಮೋಟಾರಿನಿಂದ ತಿರುಗುವ ಊದುಯಂತ್ರದಲ್ಲಿ ದೋಷವುಂಟಾದರೆ, ಯಂತ್ರವನ್ನು ಬಿಚ್ಚದೆ, ಮೋಟಾರು ಎಳೆದುಕೊಳ್ಳುವ ವಿದ್ಯುತ್ಪ್ರವಾಹವನ್ನು ಮಾತ್ರ ಪರೀಕ್ಷಿಸಿ ಆ ದೋಷವನ್ನು ಗುರುತಿಸುವುದೇ ಆ ವಿಧಾನ. ಅದರ ಸ್ವರೂಪವನ್ನೂ, ಅದರಲ್ಲಿ ಹೇತ್ವಾಭಾಸಕ್ಕೆ ಎಡೆಯಾಗುವ ಸ್ಥಳಗಳನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

೧. ತಿದಿಯಿಂದ ಊದುಯಂತ್ರಕ್ಕೆ

ಬೆಂಕಿಗೆ ಗಾಳಿಯೇ ಪ್ರಾಣ. ಹಳ್ಳಿಯ ಕುಲುಮೆಯಲ್ಲಿ ಕಮ್ಮಾರನ ತಿದಿಯು ಮಾಡುವ ಕೆಲಸವನ್ನೇ ಕಾರ್ಖಾನೆಯಲ್ಲಿ ಊದುಯಂತ್ರವು ಮಾಡುವುದು. ಮೈಸೂರು ಸಂಸ್ಥಾನದ ಸರ್ಕಾರವು ಭದ್ರಾವತಿಯಲ್ಲಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕಬ್ಬಿಣವನ್ನು ಇಳಿಸತೊಡಗಿತು. ಕೆಮ್ಮಣ್ಣುಗುಂಡಿಯ ಅದಿರೂ ಮಲೆನಾಡಿನ ಮರದ ಇದ್ದಿಲೂ ಸೇರಿದ ಆ ಊದುಕುಲುಮೆಗೆ ಹೆಸರು ಬಂದುದೇ ಊದುವ ಗಾಳಿಯಿಂದ. ಶರಾವತಿಯ ಜೋಗದ ವಿದ್ಯುದಾಗಾರವು ೧೯೪೮ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಈ ಸೀಮೆಯಲ್ಲಿ ವಿದ್ಯುಚ್ಛಕ್ತಿಯ ಬಳಕೆಯು ಹೆಚ್ಚುತ್ತ ಬಂದಿತು. ಇಂದು ಶಿವಮೊಗ್ಗ ಭದ್ರಾವತಿಗಳ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳಿವೆ. ಎರಕದ ಕೆಲಸದಲ್ಲಿ ಕುಲುಮೆಗೆ ಗಾಳಿಯನ್ನೂಡುವುದಕ್ಕೂ, ಮರಳಿನ ಧೂಳನ್ನು ಹೀರಿ ಹೊರಹಾಕುವುದಕ್ಕೂ ಊದುಯಂತ್ರಗಳು ಬೇಕು.

ತಿದಿಯೊತ್ತುವವನಿಗೆ ಬೇರೊಂದು ಪರೀಕ್ಷಾಯಂತ್ರವು ಬೇಕಿರಲಿಲ್ಲ. ತೊಗಲು ಹರಿದರೆ ಕೈಗೆ ಹಗುರವಾಗುವುದು. ಮೂತಿಯು ಕಟ್ಟಿಕೊಂಡರೆ ಭಾರವಾಗುವುದು. ಈಗ ಆ ಕೈಯ ಸ್ಥಾನದಲ್ಲಿ ಮೋಟಾರು ನಿಂತಿದೆ. ಮೋಟಾರಿಗೆ ಭಾರವು ಹೆಚ್ಚಿದರೆ ಅದು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುವುದು. ಭಾರವಿಳಿದರೆ ಪ್ರವಾಹವೂ ಇಳಿಯುವುದು. ಆದುದರಿಂದ ಪ್ರವಾಹವು ಭಾರಕ್ಕೆ ಲಿಂಗವಾಯಿತು. ಅದನ್ನು ಅಳೆಯಲು ಯಂತ್ರದ ಬಳಿಗೆ ಹೋಗಬೇಕಾದುದೂ ಇಲ್ಲ. ದೂರದ ಸ್ವಿಚ್ಚುಮನೆಯಲ್ಲಿ ತಂತಿಯನ್ನು ಟಾಂಗ್‌ಟೆಸ್ಟರಿನ ಬಾಯಿಯಿಂದ ಬಳಸಿದರೆ ಸಾಕು. ೧೯೮೦ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಶಾಲೆಯವರು ಈ ವಿಧಾನವನ್ನು ಬೆಳೆಯಿಸಿದುದು, ಪರಮಾಣು ವಿದ್ಯುದಾಗಾರಗಳಲ್ಲಿ ಮನುಷ್ಯನು ಸುಲಭವಾಗಿ ಸಮೀಪಿಸಲಾಗದ ಮೋಟಾರುಚಾಲಿತ ಕವಾಟಗಳನ್ನು ಪರೀಕ್ಷಿಸುವುದಕ್ಕಾಗಿಯೇ.

೨. ವ್ಯಾಪ್ತಿಯೂ ಉಪಾಧಿಯೂ

ಇಷ್ಟನ್ನು ಕೇಳಿದವನು, ಗಾಳಿಯ ದಾರಿಯು ಕಟ್ಟಿಕೊಂಡರೆ ಮೋಟಾರಿಗೆ ಭಾರ ಹೆಚ್ಚಿ ಪ್ರವಾಹವು ಏರಬೇಕೆಂದು ತಿದಿಯ ದೃಷ್ಟಾಂತದಿಂದ ನಿಶ್ಚಯಿಸಿಬಿಡುವನು. ರೂಟ್ಸ್ ಎಂಬ ಹೆಸರಿನ ಊದುಯಂತ್ರದಲ್ಲಿ ಅದು ನಿಜ. ಅದರೊಳಗೆ ಎರಡು ಹಾಲೆಗಳು ಒಂದಕ್ಕೊಂದು ಹೊಂದಿ ತಿರುಗುತ್ತ ಪ್ರತಿಸುತ್ತಿಗೂ ಗೊತ್ತಾದ ಪರಿಮಾಣದ ಗಾಳಿಯನ್ನು ಮುಂದಕ್ಕೆ ನೂಕುವುವು. ಮುಂದೆ ದಾರಿಯು ಕಟ್ಟಿದರೆ ಒತ್ತಡವೇರಿ ಪ್ರವಾಹವೂ ಏರುವುದು. ಆದರೆ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕೇಂದ್ರಾಪಗಾಮಿ ಊದುಯಂತ್ರದ ಸ್ವಭಾವವೇ ಬೇರೆ. ಅದರ ಚಕ್ರವು ಗಾಳಿಯನ್ನು ನಡುವಿನಿಂದ ಹೀರಿ ಅಂಚಿಗೆ ಎಸೆಯುವುದು. ದಾರಿಯು ಕಟ್ಟಿದರೆ ಎಸೆಯಬೇಕಾದ ಗಾಳಿಯೇ ಕಡಿಮೆಯಾಗುವುದರಿಂದ ಪ್ರವಾಹವು ಇಳಿಯುವುದು. ಒಂದೇ ದೋಷಕ್ಕೆ ಎರಡು ಯಂತ್ರಗಳಲ್ಲಿ ಪರಸ್ಪರ ವಿರುದ್ಧವಾದ ಕಾರ್ಯಗಳು!

ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದು ಹೇಳಲಾಗದು. ಹಸಿಸೌದೆಯ ಸಂಬಂಧವೆಂಬ ಉಪಾಧಿಯಿದ್ದಲ್ಲಿ ಮಾತ್ರ ಇರುವುದು. ಅಂತೆಯೇ ಇಲ್ಲಿ ಯಂತ್ರದ ಜಾತಿಯೇ ಉಪಾಧಿ. ಇದಲ್ಲದೆ ಬೇರೆ ಉಪಾಧಿಗಳೂ ಉಂಟು. ತಣ್ಣನೆಯ ಗಾಳಿಯು ಕಾದ ಗಾಳಿಗಿಂತ ಭಾರವಾದುದು. ೨೦೦ ಡಿಗ್ರಿಯ ಗಾಳಿಗಿಂತ ೨೦ ಡಿಗ್ರಿಯದು ಒಂದೂವರೆ ಪಾಲಿಗೂ ಮೀರಿ ತೂಗುವುದು. ಆದಕಾರಣ ಬಿಸಿ ಅನಿಲವನ್ನು ಹೀರುವ ಯಂತ್ರವು ತಂಪಿನಲ್ಲಿ ಹೊರಟಾಗ, ದೋಷವೇನೂ ಇಲ್ಲದಿದ್ದರೂ, ಹೆಚ್ಚು ಪ್ರವಾಹವನ್ನು ಎಳೆಯುವುದು. ಪೂರ್ಣಭಾರದಲ್ಲಿರುವ ಮೋಟಾರಿಗೆ ಬರುವ ವೋಲ್ಟೇಜು ಕುಸಿದರೂ ಪ್ರವಾಹವೇರುವುದು. ಇವನ್ನು ಗಣಿಸದೆ ಆಮ್ಮೀಟರಿನ ಮುಳ್ಳನ್ನೇ ನಂಬುವವನ ಹೇತುವು ಸವ್ಯಭಿಚಾರವಾಗುವುದು.

೩. ನದೀಪೂರದ ಆಕ್ಷೇಪ

ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿಯು ಈ ತೊಡಕನ್ನೇ ಎತ್ತುವನು: ಮಳೆಯಿಲ್ಲದೆಯೂ ಕಟ್ಟೆಯ ಅಡ್ಡಿಯಿಂದ ನದಿಯು ತುಂಬಬಹುದು, ಆದುದರಿಂದ ಅನುಮಾನವು ಪ್ರಮಾಣವಲ್ಲ, ಎಂದು. ಭದ್ರಾವತಿಯವರಿಗೆ ಇದು ಗ್ರಂಥದ ಮಾತಲ್ಲ. ಲಕ್ಕವಳ್ಳಿಯ ಅಣೆಕಟ್ಟಿನ ಬಾಗಿಲು ತೆರೆದರೆ, ಊರಿನ ಮೇಲೆ ಬಿಸಿಲಿದ್ದರೂ ಭದ್ರೆಯು ತುಂಬುವಳು. ಸಿದ್ಧಾಂತಿಯ ಸಮಾಧಾನವು ಅರ್ಥಗರ್ಭಿತವಾದುದು: ಬರಿಯ ಏರಿಕೆಯು ಹೇತುವೇ ಅಲ್ಲ, ವೇಗ, ನೊರೆ, ತೇಲಿಬರುವ ಎಲೆ ಹಣ್ಣು ಕಟ್ಟಿಗೆಗಳು, ಇವುಗಳಿಂದ ಕೂಡಿದ ವಿಶಿಷ್ಟವಾದ ಪೂರವೇ ಹೇತು. ನಮ್ಮ ನುಡಿಯಲ್ಲಿ ನದಿಯ ನೆರೆಗೂ ವಿದ್ಯುತ್ತಿನ ಹರಿವಿಗೂ ಪ್ರವಾಹವೆಂಬ ಒಂದೇ ಶಬ್ದವಿರುವುದು ಇಲ್ಲಿ ಅನುಕೂಲವಾಗಿದೆ. ವಿದ್ಯುತ್ಪ್ರವಾಹದಲ್ಲಿಯೂ ಪರಿಮಾಣವೊಂದನ್ನೇ ನೋಡದೆ ವಿಶೇಷಗಳನ್ನು ನೋಡಬೇಕು.

ಮೊದಲನೆಯದು ಕಾಲವಿಶೇಷ. ಕೇಂದ್ರಾಪಗಾಮಿ ಯಂತ್ರದಲ್ಲಿ ಪ್ರವಾಹವು ವಾರಗಟ್ಟಲೆ ಮೆಲ್ಲಮೆಲ್ಲನೆ ಇಳಿದರೆ ಧೂಳುಚೀಲವು ಕಟ್ಟಿಕೊಳ್ಳುತ್ತಿರಬಹುದು. ಒಂದೇ ಕ್ಷಣದಲ್ಲಿ, ಖಾಲಿ ಮೋಟಾರು ಎಳೆಯುವಷ್ಟಕ್ಕೆ ಇಳಿದರೆ ಬೆಲ್ಟು ಕಡಿದುಹೋಗಿರಬಹುದು. ಅದು ಶೂನ್ಯಕ್ಕಿಳಿಯದು, ಏಕೆಂದರೆ ಭಾರವಿಲ್ಲದಿದ್ದರೂ ಮೋಟಾರು ತನ್ನ ಕಾಂತತ್ವಕ್ಕಾಗಿ ಒಂದಂಶ ಪ್ರವಾಹವನ್ನು ಎಳೆಯುತ್ತಲೇ ಇರುವುದು. ಎರಡನೆಯದು ಮೂರು ಫೇಸುಗಳ ಸಾಮ್ಯವೈಷಮ್ಯ. ಮೂರೂ ಸಮನಾಗಿ ಏರಿದರೆ ಭಾರವನ್ನು ಶಂಕಿಸಬೇಕು. ಒಂದು ಶೂನ್ಯವಾಗಿ ಉಳಿದೆರಡು ಏರಿದರೆ ಒಂದು ಫೇಸು ತಪ್ಪಿದೆಯೆಂದು ತಿಳಿಯಬೇಕು.

ಮೂರನೆಯದೂ ಸೂಕ್ಷ್ಮತಮವೂ ಆದುದು ತರಂಗವಿಶೇಷ. ಶ್ರುತಿಶುದ್ಧವಾದ ತಂಬೂರಿಯ ಮಂದ್ರತಂತಿಯಲ್ಲಿ ಷಡ್ಜದೊಡನೆ ಗಾಂಧಾರವೂ ಕೇಳಿಬರುವಂತೆ, ಪ್ರವಾಹದಲ್ಲಿ ಮುಖ್ಯತರಂಗದೊಡನೆ ಸಣ್ಣ ತರಂಗಗಳು ಅಡಗಿರುವುವು. ಫ್ರಾನ್ಸಿನ ಫೂರಿಯೆಯ ಗಣಿತಕ್ರಮದಿಂದ ಅವನ್ನು ಬಿಡಿಸಿ ನೋಡಬಹುದು. ನಮ್ಮ ದೇಶದಲ್ಲಿ ಮುಖ್ಯತರಂಗವು ಸೆಕೆಂಡಿಗೆ ೫೦ ಆವರ್ತನದ್ದು. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರವು ನಿಮಿಷಕ್ಕೆ ೧೫೦೦ ಸುತ್ತು ತಿರುಗುವುದು. ರೋಟರು ೧೪೭೦ ಸುತ್ತು ತಿರುಗಿದರೆ ಹಿಂದುಳಿಕೆಯು ನೂರಕ್ಕೆ ೨. ರೋಟರಿನೊಳಗಿನ ಸಲಾಕೆಯು ಮುರಿದಿದ್ದರೆ ೫೦ರ ಇಕ್ಕೆಲಗಳಲ್ಲಿ ಹಿಂದುಳಿಕೆಯ ಇಮ್ಮಡಿಯಷ್ಟು ದೂರದಲ್ಲಿ, ಎಂದರೆ ೪೮ ಮತ್ತು ೫೨ರಲ್ಲಿ, ಪಾರ್ಶ್ವತರಂಗಗಳು ಏಳುವುವು. ಅದೇ ಅಚ್ಚಿನ ಮೇಲಿರುವ ಗಾಳಿಚಕ್ರಕ್ಕೆ ಧೂಳು ಒಂದೆಡೆ ಮೆತ್ತಿ ತೂಕ ತಪ್ಪಿದರೆ, ಅಚ್ಚು ಸೆಕೆಂಡಿಗೆ ೨೪.೫ ಸುತ್ತು ತಿರುಗುವುದರಿಂದ, ೨೫.೫ ಮತ್ತು ೭೪.೫ರಲ್ಲಿ ಚಿಹ್ನೆಯು ಕಾಣಬಹುದು. ಇವೇ ನೆರೆಯಲ್ಲಿ ತೇಲಿಬರುವ ಎಲೆ ಕಟ್ಟಿಗೆಗಳು.

ಇಲ್ಲಿಯೂ ಅನ್ವಯವ್ಯತಿರೇಕಪರೀಕ್ಷೆಯನ್ನು ಬಿಡಲಾಗದು. ಭಾರದ ಏರಿಳಿತವೂ ೫೦ರ ಸಮೀಪದಲ್ಲಿ ಪಾರ್ಶ್ವತರಂಗಗಳನ್ನು ಎಬ್ಬಿಸಬಲ್ಲುದು. ಭಾರವನ್ನು ತಗ್ಗಿಸಿ ನೋಡಿದಾಗ, ಹಿಂದುಳಿಕೆಯು ಕಡಿಮೆಯಾದಂತೆ ಆ ತರಂಗಗಳು ೫೦ರ ಕಡೆಗೆ ಸರಿದರೆ ದೋಷವು ಸಲಾಕೆಯದು. ಸರಿಯದೆ ನಿಂತರೆ ಬೇರೆಡೆಯದು. ಬೇರಿಂಗಿನ ಮೊದಲ ಸವೆತವಾದರೋ ಪ್ರವಾಹದಲ್ಲಿ ಬಹು ಕ್ಷೀಣವಾಗಿ ತೋರುವುದು. ಅದಕ್ಕೆ ಕಂಪನಪರೀಕ್ಷೆಯೇ ಮೇಲಾದ ಪ್ರಮಾಣ.

೪. ಫಲ

ಈ ವಿಚಾರವು ಕೇವಲ ಯಂತ್ರರಕ್ಷಣೆಗೆ ಸಂಬಂಧಿಸಿದುದಲ್ಲ. ಎರಕದ ಮರಳಿನ ಸಿಲಿಕಾ ಧೂಳು ವರ್ಷಗಟ್ಟಲೆ ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ವಾಸಿಯಾಗದ ಸಿಲಿಕೋಸಿಸ್ ರೋಗವುಂಟಾಗುವುದು. ಧೂಳನ್ನು ಹೀರುವ ಯಂತ್ರದ ಚೀಲವು ಕಟ್ಟಿದಾಗ ಮೋಟಾರು ತಣ್ಣಗಿರುವುದು, ಸದ್ದು ತಗ್ಗಬಹುದು, ವಿದ್ಯುತ್ತಿನ ವೆಚ್ಚವೂ ಇಳಿಯುವುದು. ಪ್ರವಾಹವು ತಗ್ಗಿತು, ಒಳ್ಳೆಯದಾಯಿತೆಂದು ಲೆಕ್ಕದಲ್ಲಿ ಬರೆದುಕೊಳ್ಳುವವನಿಗೆ, ಆ ಉಳಿತಾಯವು ಕೆಲಸಗಾರನ ಎದೆಯಲ್ಲಿ ಧೂಳಾಗಿ ನಿಲ್ಲುತ್ತಿರುವುದು ಕಾಣಿಸದು. ಏರಿಕೆಗೆ ಬೆದರುವವರು ಬಹುಮಂದಿ. ಇಳಿಕೆಗೆ ಎಚ್ಚರಗೊಳ್ಳುವುದಕ್ಕೆ ವ್ಯಾಪ್ತಿಜ್ಞಾನವು ಬೇಕು.

ಆದಕಾರಣ ಯಂತ್ರವು ಆರೋಗ್ಯವಾಗಿರುವಾಗಲೇ ಅದರ ಪ್ರವಾಹವನ್ನೂ, ಡ್ಯಾಂಪರಿನ ಸ್ಥಿತಿಯನ್ನೂ, ವೋಲ್ಟೇಜನ್ನೂ, ಗಾಳಿಯ ಉಷ್ಣತೆಯನ್ನೂ ಬರೆದಿಟ್ಟುಕೊಳ್ಳುವುದು ಪ್ರಥಮ ಕರ್ತವ್ಯ. ಪ್ರಕೃತಿಯನ್ನರಿಯದವನು ವಿಕೃತಿಯನ್ನು ಗುರುತಿಸಲಾರನು. ತರ್ಕವನ್ನು ಬೋಧಿಸುವ ಅಧ್ಯಾಪಕರು ಪರ್ವತದ ಹೊಗೆಯೊಡನೆ ಈ ಉದಾಹರಣೆಯನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ಉಪಾಧಿಯೆಂಬುದು ಪರೀಕ್ಷೆಗಾಗಿ ಉರುಹೊಡೆಯುವ ಲಕ್ಷಣವಾಕ್ಯ ಮಾತ್ರವಲ್ಲ, ಪ್ರಾಣರಕ್ಷಣೆಯ ವಿಷಯವೆಂಬುದು ಅವರಿಗೆ ಮನದಟ್ಟಾಗುವುದು.