ಒಂದು ಹಲ್ಲಿನ ಲೆಕ್ಕ

ಸುಜುಕಿಯ ಡಿಆರ್-ಝಡ್400 ಬೈಕಿನಲ್ಲಿ ಎರಡು ಬಗೆಗಳು ಹೆಚ್ಚು ಹೆಸರು ಮಾಡಿದವು. 2000ನೇ ಇಸವಿಯಲ್ಲಿ ಬಂದ 'ಎಸ್' ಟಾರು ರಸ್ತೆಗೂ ಕಲ್ಲುಮಣ್ಣಿನ ದಾರಿಗೂ ಒಗ್ಗುವ ಡ್ಯುಯಲ್ ಸ್ಪೋರ್ಟ್ ಗಾಡಿ. 2005ರಲ್ಲಿ ಬಂದ 'ಎಸ್‌ಎಂ' ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಹೊತ್ತು, ಅಗಲ ಟೈರು ಹಾಕಿಕೊಂಡು ರಸ್ತೆಗೆಂದೇ ಇಳಿದದ್ದು. ಎರಡರಲ್ಲೂ ಮುಂದಿನ ಸ್ಪ್ರಾಕೆಟ್‌ಗೆ 15 ಹಲ್ಲು. ಹಿಂದಿನದಕ್ಕೆ ಮಾತ್ರ 'ಎಸ್'ನಲ್ಲಿ 44, 'ಎಸ್‌ಎಂ'ನಲ್ಲಿ 41.

ಗ್ಯಾರೇಜಿನ ಕಟ್ಟೆಯ ಮೇಲೆ ಕೂತು ಈ ಸಂಖ್ಯೆ ಹೇಳಿದರೆ ಯಾರಾದರೂ ಥಟ್ಟನೆ ತೀರ್ಪು ಕೊಡುತ್ತಾರೆ: ಹಿಂದೆ ಹಲ್ಲು ಕಡಿಮೆ ಇರುವುದು ರಸ್ತೆಯ ಗಾಡಿ, ಅದಕ್ಕೆ ಪಿಕಪ್ ಕಡಿಮೆ, ಓಟ ಜಾಸ್ತಿ. ಆದರೆ ಟೈರನ್ನೂ ಸೇರಿಸಿ ಲೆಕ್ಕ ಹಾಕಿ. 'ಎಸ್'ನ ಹಿಂದಿನ ಟೈರು 120/90-18. ಒಂದು ಸುತ್ತಿಗೆ ಸುಮಾರು 2.11 ಮೀಟರ್ ಹೋಗುತ್ತದೆ. 'ಎಸ್‌ಎಂ'ನದು 140/70-17, ಒಂದು ಸುತ್ತಿಗೆ 1.97 ಮೀಟರ್. ಒಂದು ಕಿಲೋಮೀಟರ್ ಸಾಗಲು ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಎರಡೂ ಗಾಡಿಗಳಲ್ಲಿ ಹೆಚ್ಚುಕಡಿಮೆ 1,387 ಸಲವೇ ಸುತ್ತುತ್ತದೆ. ಅಂದರೆ ಎರಡರ ಗೇರಿಂಗ್ ಒಂದೇ. ಕಾರ್ಖಾನೆಯವರು ಚಕ್ರ ಚಿಕ್ಕದು ಮಾಡಿದಾಗ ಸ್ಪ್ರಾಕೆಟ್ಟನ್ನೂ ಅದಕ್ಕೆ ತಕ್ಕಂತೆ ಚಿಕ್ಕದು ಮಾಡಿದರು, ಅಷ್ಟೇ.

ಟೈರು ಕೂಡ ಒಂದು ಗೇರು ಎಂಬುದು ಮರೆತುಹೋಗುವ ಸಂಗತಿ. ಮಣ್ಣಿನ ದಾರಿಗೆ ಹಾಕುವ ಗುಬುಟು ಟೈರಿನ ಗುಬುಟುಗಳು ಒಂದು ಸೆಂಟಿಮೀಟರ್ ಸವೆದರೆ ಚಕ್ರದ ವ್ಯಾಸ ಎರಡು ಸೆಂಟಿಮೀಟರ್ ಇಳಿಯುತ್ತದೆ. ಗೇರಿಂಗ್ ಶೇ 3ರಷ್ಟು ಬದಲಾಗುತ್ತದೆ. ಹಿಂದಿನ 44 ಹಲ್ಲಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಹೆಚ್ಚಿಸಿದರೆ ಆಗುವ ಬದಲಾವಣೆ ಶೇ 2.3 ಮಾತ್ರ. ಆದ್ದರಿಂದ ಹಿಂದೆ ಒಂದೇ ಒಂದು ಹಲ್ಲು ಏರಿಸಿ 'ಗಾಡಿಯೇ ಬೇರೆ ಆಯ್ತು' ಎನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಾಗಾದರೆ ಎಷ್ಟು ಬದಲಿಸಬೇಕು, ಯಾವುದನ್ನು ನೋಡಿ ನಿರ್ಧರಿಸಬೇಕು? ಬಹಳ ಮಂದಿ ಟಾಪ್ ಗೇರಿನಿಂದ ಶುರುಮಾಡುತ್ತಾರೆ. ಹೆದ್ದಾರಿಯಲ್ಲಿ ಎಷ್ಟು ಆರ್‌ಪಿಎಂ ಬರುತ್ತದೆ, ಎಷ್ಟು ವೇಗ ಹೋಗುತ್ತದೆ ಎಂಬುದೇ ಅವರ ಮೊದಲ ಪ್ರಶ್ನೆ. ಡ್ಯುಯಲ್ ಸ್ಪೋರ್ಟ್ ಗಾಡಿಯ ಲೆಕ್ಕವನ್ನು ಫಸ್ಟ್ ಗೇರಿನಿಂದ ಶುರುಮಾಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದಕ್ಕೆ ಕಾರಣ ಸರಳ. ಟಾಪ್ ಗೇರಿನಲ್ಲಿ ಎಂಜಿನ್ ಹೆಚ್ಚು ಸುತ್ತುತ್ತಿದೆ ಅನ್ನಿಸಿದರೆ ಆಕ್ಸಲರೇಟರ್ ಸ್ವಲ್ಪ ಬಿಟ್ಟು ನಿಧಾನಕ್ಕೆ ಹೋಗಬಹುದು. ಫಸ್ಟ್ ಗೇರಿನಲ್ಲಿ ಗಾಡಿ ಬೇಕಾದ್ದಕ್ಕಿಂತ ವೇಗವಾಗಿ ಓಡುತ್ತಿದ್ದರೆ ಅದಕ್ಕಿಂತ ಕೆಳಗೆ ಇನ್ನೊಂದು ಗೇರಿಲ್ಲ. ಅಲ್ಲಿ ಉಳಿಯುವುದು ಹಾಫ್ ಕ್ಲಚ್ ಒಂದೇ.

ಮಳೆ ನಿಂತ ಮೇಲೆ ಎಸ್ಟೇಟ್ ದಾರಿಯನ್ನು ಹತ್ತಿದವರಿಗೆ ಇದು ಗೊತ್ತು. ಜಂಬಿಟ್ಟಿಗೆ ಮಣ್ಣು ಕೊಚ್ಚಿಹೋಗಿ ಕಲ್ಲುಗಳು ಮೇಲೆದ್ದಿರುತ್ತವೆ. ನಡುವೆ ನೀರು ಹರಿದ ಕೊರಕಲು. ಎದುರಿಗೆ ಹೇರ್‌ಪಿನ್ ತಿರುವು. ಅಲ್ಲಿ ಆಳು ನಡೆಯುವ ವೇಗದಲ್ಲಿ ಎಂಜಿನ್ ಉಸಿರುಗಟ್ಟದೆ ಎಳೆಯಬೇಕು. ಅದು ಸಾಧ್ಯವಾಗದಿದ್ದಾಗ ಸವಾರನ ಎಡಗೈ ಕ್ಲಚ್ಚನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಸೋಲುತ್ತದೆ, ಕ್ಲಚ್ ಪ್ಲೇಟು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಗಾಡಿ ಆಫ್ ಆಗಿ ಇಳಿಜಾರಿನಲ್ಲಿ ಕಾಲು ಸಿಗದೆ ಮಗುಚುತ್ತದೆ. ಸವಾರನಿಗೆ ಕೌಶಲ ಸಾಲದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟೋ ಸಲ ಅಲ್ಲಿ ಸಾಲದೆ ಬಂದಿರುವುದು ಗೇರಿಂಗ್.

ಡಿಆರ್-ಝಡ್ 'ಎಸ್'ನ ಲೆಕ್ಕವನ್ನೇ ಮುಂದುವರಿಸುತ್ತೇನೆ. ನಮ್ಮ ಶೋರೂಮುಗಳಲ್ಲಿ ಸಿಗುವ ಗಾಡಿಯಲ್ಲವಾದರೂ ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಕಾರ್ಖಾನೆಯ 15/44ರಲ್ಲಿ, ಫಸ್ಟ್ ಗೇರಿನಲ್ಲಿ, ಎಂಜಿನ್ 2,000 ಸುತ್ತಿನಲ್ಲಿದ್ದಾಗ ಗಾಡಿ ಗಂಟೆಗೆ ಸುಮಾರು 12.8 ಕಿ.ಮೀ. ಹೋಗುತ್ತದೆ. ಅದು ನಡಿಗೆಯಲ್ಲ, ಓಟ. ಇದೇ ಬೈಕಿನ 'ಇ' ಎಂಬ, ಕಾಡುದಾರಿಯ ಸವಾರಿಗೆಂದೇ ಮಾಡಿದ ಮೂರನೆಯ ಬಗೆಯಲ್ಲಿ ಸ್ಪ್ರಾಕೆಟ್ 14/47. ಆ ಜೋಡಿಯನ್ನು 'ಎಸ್'ಗೆ ಹಾಕಿದರೆ ಅದೇ 2,000 ಸುತ್ತಿನಲ್ಲಿ ವೇಗ 11.2ಕ್ಕೆ ಇಳಿಯುತ್ತದೆ. ಕೇಳಲು ಒಂದೂವರೆ ಕಿಲೋಮೀಟರ್‌ನ ವ್ಯತ್ಯಾಸ. ಚಕ್ರಕ್ಕೆ ಸಿಗುವ ಎಳೆತ ಮಾತ್ರ ಶೇ 14ರಷ್ಟು ಹೆಚ್ಚು.

ಇನ್ನೂ ಮುಖ್ಯವಾದದ್ದು ಸೆಕೆಂಡ್ ಗೇರಿನಲ್ಲಿ ಆಗುವ ಬದಲಾವಣೆ. ಈ ಗಾಡಿಯ ಫಸ್ಟ್ ಗೇರಿನ ಅನುಪಾತ 2.285, ಸೆಕೆಂಡಿನದು 1.733. ನಡುವೆ ದೊಡ್ಡ ಅಂತರ. ಕಾಡುದಾರಿಯಲ್ಲಿ ಫಸ್ಟ್‌ನಲ್ಲಿ ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ, ಸೆಕೆಂಡ್ ಹಾಕಿದರೆ ಎಳೆಯದೆ ಸಾಯುತ್ತದೆ ಎಂಬ ದೂರು ಹುಟ್ಟುವುದು ಇಲ್ಲೇ. 14/47 ಹಾಕಿದಾಗ ಹೊಸ ಸೆಕೆಂಡ್ ಗೇರು ಹಳೆಯ ಫಸ್ಟ್ ಮತ್ತು ಹಳೆಯ ಸೆಕೆಂಡಿನ ಬಹುಮಟ್ಟಿಗೆ ನಟ್ಟನಡುವೆ ಬಂದು ಕೂರುತ್ತದೆ. ಸವಾರನಿಗೆ ಬೇಕಿದ್ದದ್ದು ಆ ಗೇರೇ. ಫಸ್ಟ್ ಕಡಿದಾದ ಏರಿಗೆ ಉಳಿಯುತ್ತದೆ, ಉಳಿದ ದಾರಿಯನ್ನೆಲ್ಲ ಸೆಕೆಂಡ್ ನೋಡಿಕೊಳ್ಳುತ್ತದೆ. ಇಳಿಜಾರಿನಲ್ಲೂ ಲಾಭವಿದೆ. ತಗ್ಗಿನ ಗೇರಿಂಗ್ ಇದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಒದ್ದೆ ಎಲೆಗಳ ಮೇಲೆ ಬ್ರೇಕು ಒತ್ತುವ ಪ್ರಸಂಗ ಕಡಿಮೆ.

ಇದರ ಬೆಲೆ ತೆರಬೇಕಾದದ್ದು ಹೆದ್ದಾರಿಯಲ್ಲಿ. 15/44ರಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 5,900 ಸುತ್ತು ಹಾಕುತ್ತದೆ, 14/44ರಲ್ಲಿ 6,300, 14/47ರಲ್ಲಿ 6,750. ಐದೇ ಗೇರಿನ ಗಾಡಿ ಇದು, ಆರನೆಯದು ಇಲ್ಲ. ಅಮೆರಿಕದ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ, ಅಂದರೆ 113 ಕಿ.ಮೀ. ಹೋಗಬೇಕಾದವನಿಗೆ 14/47ರಲ್ಲಿ ಎಂಜಿನ್ 7,600 ಸುತ್ತಿನಲ್ಲಿ ಅರಚುತ್ತದೆ. ಹ್ಯಾಂಡಲ್ ನಡುಗಿ ಕೈ ಜೋಮು ಹಿಡಿಯುತ್ತದೆ, ಹತ್ತು ಲೀಟರಿನ ಟ್ಯಾಂಕ್ ಬೇಗ ಬರಿದಾಗುತ್ತದೆ. ಅಲ್ಲಿನ ಸವಾರರು 15 ಹಲ್ಲನ್ನು ಬಿಡಲು ಹಿಂಜರಿಯುವುದು ನ್ಯಾಯವೇ.

ನಮ್ಮಲ್ಲಿ ಆ ಹಿಂಜರಿಕೆಯನ್ನು ಹಾಗೆಯೇ ಎರವಲು ತರಬೇಕಾಗಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆ ವೇಗದಲ್ಲಿ 14/47 ಇದ್ದರೂ ಈ ಎಂಜಿನ್ 5,400 ಸುತ್ತಿನ ಆಸುಪಾಸಿನಲ್ಲಿರುತ್ತದೆ. 15/44 ಇಟ್ಟುಕೊಂಡು 100ರಲ್ಲಿ ಹೋಗುವುದಕ್ಕಿಂತ ಕಡಿಮೆ. ಬೆಂಗಳೂರಿನಿಂದ ಹಾಸನದ ಮೇಲೆ ಸಕಲೇಶಪುರಕ್ಕೆ 220 ಕಿ.ಮೀ. ಹೋಗಿ, ಆಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಎಸ್ಟೇಟ್ ದಾರಿ ಸುತ್ತುವವನು 'ನನ್ನ ಸವಾರಿಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲು ಹೆದ್ದಾರಿಯೇ, ಗೇರಿಂಗೂ ಅದಕ್ಕೇ ಇರಲಿ' ಎನ್ನುತ್ತಾನೆ. ದೂರ ಅಳೆದರೆ ಅವನ ಮಾತು ಸರಿ. ಆದರೆ ಹೆದ್ದಾರಿಯಲ್ಲಿ ಗೇರಿಂಗ್ ತಪ್ಪಾದರೆ ಸ್ವಲ್ಪ ಸದ್ದು, ಸ್ವಲ್ಪ ಪೆಟ್ರೋಲು. ಏರಿನಲ್ಲಿ ತಪ್ಪಾದರೆ ಬೀಳುತ್ತಾನೆ. ಕಿಲೋಮೀಟರ್ ಎಣಿಸಿ ಇದನ್ನು ತೂಗಬಾರದು.

ಇನ್ನು ಮುಂದಿನದನ್ನು ಬದಲಿಸುವುದೋ ಹಿಂದಿನದನ್ನೋ? ಮುಂದೆ ಒಂದು ಹಲ್ಲು ಇಳಿಸುವುದೂ ಹಿಂದೆ ಮೂರು ಹಲ್ಲು ಏರಿಸುವುದೂ ಹೆಚ್ಚುಕಡಿಮೆ ಒಂದೇ. 14/44ರ ಅನುಪಾತ 3.14, 15/47ರದ್ದು 3.13. ಮುಂದಿನ ಸ್ಪ್ರಾಕೆಟ್ ಚಿಕ್ಕದು, ಅಗ್ಗ, ಬೇಗ ಬಿಚ್ಚಿ ಹಾಕಬಹುದು, ಬೇಡವಾದರೆ ಹಳೆಯದನ್ನೇ ಮತ್ತೆ ಹಾಕಬಹುದು. ಹಾಗಾಗಿ ಪರೀಕ್ಷೆ ಮಾಡುವುದಾದರೆ ಮುಂದೆ ಒಂದು ಹಲ್ಲು ಇಳಿಸಿಯೇ ಮಾಡಬೇಕು. ಕೆಲವು ತಿಂಗಳು ಓಡಿಸಿ, ನಿಮ್ಮ ದಾರಿಗೆ ಇದೇ ಸರಿ ಎಂದು ಖಾತ್ರಿಯಾದ ಮೇಲೆ, ಚೈನ್ ಸೆಟ್ ಸವೆದು ಬದಲಿಸುವ ದಿನ ಬಂದಾಗ ಹಿಂದಿನದನ್ನು ದೊಡ್ಡದು ಹಾಕಿಸಿ ಮುಂದಿನದನ್ನು ಮೂಲ ಅಳತೆಗೆ ಮರಳಿಸುವುದು ಜಾಣತನ.

ಏಕೆಂದರೆ ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನಿಗೆ ಕಷ್ಟ. ಚೈನು ಸ್ಪ್ರಾಕೆಟ್ಟನ್ನು ಸುತ್ತುವುದು ದುಂಡಗಲ್ಲ, ಕೊಂಡಿಯಿಂದ ಕೊಂಡಿಗೆ ಮುರಿದು ಮುರಿದು. ಹಲ್ಲು ಕಡಿಮೆಯಾದಷ್ಟೂ ಪ್ರತಿ ಕೊಂಡಿಯೂ ಹೆಚ್ಚು ಮಡಚಿಕೊಳ್ಳುತ್ತದೆ. 15 ಹಲ್ಲಿನಲ್ಲಿ 24 ಡಿಗ್ರಿ ಮಡಚಿದರೆ 13ರಲ್ಲಿ ಸುಮಾರು 28 ಡಿಗ್ರಿ. ಈ ಮುರಿತದಿಂದ ಚೈನಿನ ವೇಗ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ: 15ರಲ್ಲಿ ಶೇ 2.2ರಷ್ಟು, 13ರಲ್ಲಿ ಶೇ 2.9ರಷ್ಟು. ಅದೇ ಎಂಜಿನ್ ಬಲ ಇನ್ನೂ ಚಿಕ್ಕ ಸುತ್ತಳತೆಯಿಂದ ಹೊರಡುವುದರಿಂದ ಚೈನಿನ ಮೇಲಿನ ಜಗ್ಗು 15ರಿಂದ 13ಕ್ಕೆ ಇಳಿದಾಗ ಶೇ 15ರಷ್ಟು ಹೆಚ್ಚುತ್ತದೆ. ಜೊತೆಗೆ ಚೈನು ಸ್ವಿಂಗ್‌ಆರ್ಮ್‌ಗೆ ಹತ್ತಿರವಾಗಿ, ಅದರ ಮೇಲೆ ಕೂರಿಸಿದ ರಬ್ಬರಿನ ತುಂಡನ್ನು ಉಜ್ಜುತ್ತದೆ. ಅದು ಸವೆದರೆ ಮುಂದಿನ ಸರದಿ ಸ್ವಿಂಗ್‌ಆರ್ಮಿನ ಲೋಹದ್ದು. 'ಎಸ್'ನಲ್ಲಿ 13 ಹಲ್ಲು ಹಾಕಬೇಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ. ನನ್ನ ನಿಲುವೂ ಅದೇ: ಮುಂದೆ ಒಂದು ಹಲ್ಲು ಇಳಿಸಿ, ಎರಡು ಬೇಡ. ಅದಕ್ಕೂ ಮೇಲೆ ಬೇಕೆನಿಸಿದರೆ ಉಳಿದದ್ದನ್ನು ಹಿಂದಿನ ಸ್ಪ್ರಾಕೆಟ್‌ಗೆ ಬಿಡಿ.

ಸಣ್ಣ ಎಂಜಿನ್ನಿನ ಕಥೆ ಸ್ವಲ್ಪ ಬೇರೆ. ಹೀರೋ ಎಕ್ಸ್‌ಪಲ್ಸ್ 200ರಂಥ ಗಾಡಿಯಲ್ಲಿ ಇಬ್ಬರು ಕೂತು, ಬ್ಯಾಗು ಕಟ್ಟಿ, ಎದುರುಗಾಳಿಯಲ್ಲಿ ಹೋಗುವಾಗ ಟಾಪ್ ಗೇರಿನಲ್ಲಿ ಎಳೆಯುವ ಶಕ್ತಿಯೇ ಎಂಜಿನ್ನಿಗೆ ಸಾಲದೆ ನಾಲ್ಕಕ್ಕೆ ಇಳಿಸಬೇಕಾಗುತ್ತದೆ. ಅಲ್ಲಿ ಗೇರಿಂಗ್ ಸ್ವಲ್ಪ ತಗ್ಗಿಸಿದರೆ ಟಾಪ್ ಗೇರು ಮತ್ತೆ ಕೆಲಸಕ್ಕೆ ಬರುತ್ತದೆ, ಅಂಥ ಹೊತ್ತಿನಲ್ಲಿ ವೇಗವೇನೂ ಕಡಿಮೆಯಾಗುವುದಿಲ್ಲ. ಹಿಂದೆ ಹಲ್ಲು ಕಡಿಮೆ ಮಾಡಿಸಿ ಹೆಚ್ಚು ವೇಗ ಪಡೆಯುತ್ತೇನೆ ಎಂದು ಹೊರಡುವವರು ಇದನ್ನು ಗಮನಿಸಬೇಕು. ಎಂಜಿನ್ನಿಗೆ ಆ ವೇಗಕ್ಕೆ ಬೇಕಾದ ಬಲ ಇಲ್ಲದಿದ್ದರೆ ಸ್ಪ್ರಾಕೆಟ್ ಅದನ್ನು ತಂದುಕೊಡಲಾರದು. ಇತ್ತ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಲ್ಲಿ 15/38 ಇದೆ. ಎಂಜಿನ್ ತನ್ನ ಪೂರ್ಣ ಎಳೆತವನ್ನು 4,000 ಸುತ್ತಿನ ಆಸುಪಾಸಿನಲ್ಲೇ ಕೊಡುವುದರಿಂದ ಬಹಳ ಮಂದಿಗೆ ಬದಲಾವಣೆಯ ಅಗತ್ಯವೇ ಬೀಳುವುದಿಲ್ಲ. ಮಣ್ಣು ದಾರಿಯಲ್ಲಿ ಭಾರದ ಗಾಡಿ ಕಷ್ಟ ಕೊಡುತ್ತಿದೆ ಎನ್ನುವವರು ಮುಂದೆ 14 ಹಾಕಿದರೆ ಶೇ 7ರ ಸಹಾಯ ಸಿಗುತ್ತದೆ. ಅತಿಯಾಗಿ ತಗ್ಗಿಸಿದರೂ ತೊಂದರೆಯಿದೆ: ಕೆಂಪು ಕೆಸರಿನಲ್ಲಿ ಆಕ್ಸಲರೇಟರ್ ಮುಟ್ಟಿದ ಕೂಡಲೇ ಚಕ್ರ ಅಲ್ಲೇ ತಿರುಗಿ ಗುಂಡಿ ತೋಡುತ್ತದೆ.

ಅಂಗಡಿಗೆ ಹೋಗುವ ಮುಂಚೆ ಚೈನಿನ ನಂಬರು ನೋಡಿಕೊಳ್ಳಿ. 520 ಎಂದರೆ ಪಿನ್ನಿನಿಂದ ಪಿನ್ನಿಗೆ 15.875 ಮಿ.ಮೀ.; 525ರಲ್ಲೂ ಅಂತರ ಅಷ್ಟೇ, ಅಗಲ ಹೆಚ್ಚು; 428ರಲ್ಲಿ ಅಂತರವೇ 12.7 ಮಿ.ಮೀ. ಒಂದರ ಸ್ಪ್ರಾಕೆಟ್ ಇನ್ನೊಂದರ ಚೈನಿಗೆ ಆಗದು. ಹಿಂದಿನ ಸ್ಪ್ರಾಕೆಟ್ ಅಲ್ಯೂಮಿನಿಯಂನದು ಹಗುರ, ಆದರೆ ನಮ್ಮ ಧೂಳು-ಕೆಸರಿನಲ್ಲಿ ಬೇಗ ಸವೆಯುತ್ತದೆ, ಉಕ್ಕಿನದನ್ನೇ ಕೇಳಿ. ಹಲ್ಲುಗಳು ಕೊಕ್ಕೆಯಂತೆ ಬಾಗಿದ ಹಳೆಯ ಸ್ಪ್ರಾಕೆಟ್‌ಗಳ ನಡುವೆ ಒಂದು ಹೊಸದನ್ನು ಸೇರಿಸಬೇಡಿ, ಅದನ್ನೂ ಅವು ತಿಂದುಹಾಕುತ್ತವೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಶೋರೂಮಿನಲ್ಲಿ ಮೊದಲೇ ವಿಚಾರಿಸುವುದು ಒಳಿತು. ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್ ವೇಗವನ್ನು ಗೇರ್‌ಬಾಕ್ಸಿನಿಂದ ತೆಗೆದುಕೊಳ್ಳುತ್ತದೆ. ಅಂಥವುಗಳಲ್ಲಿ ಗೇರಿಂಗ್ ತಗ್ಗಿಸಿದರೆ ಮೀಟರು ನಿಜಕ್ಕಿಂತ ಹೆಚ್ಚು ವೇಗ, ಹೆಚ್ಚು ಕಿಲೋಮೀಟರ್ ತೋರಿಸುತ್ತದೆ. ಮುಂದಿನ ಚಕ್ರದಿಂದ ತೆಗೆದುಕೊಳ್ಳುವ ಮೀಟರಿಗೆ ಈ ಗೊಂದಲವಿಲ್ಲ.

ಮುಂದಿನ ಸ್ಪ್ರಾಕೆಟ್ಟಿನ ನಟ್ಟನ್ನು ಸಡಿಲಿಸುವುದು ಚೈನು ಇನ್ನೂ ಹಾಕಿರುವಾಗಲೇ, ಯಾರಾದರೂ ಹಿಂದಿನ ಬ್ರೇಕು ಒತ್ತಿ ಹಿಡಿದಿರುವಾಗಲೇ ಆಗಬೇಕು. ಚೈನು ಬಿಚ್ಚಿದ ಮೇಲೆ ಶಾಫ್ಟ್ ಹಿಡಿತಕ್ಕೆ ಸಿಗುವುದಿಲ್ಲ. ಮುಂದೆ ಒಂದು ಹಲ್ಲು ಇಳಿಸಿದರೆ 520 ಚೈನಿನ ಗಾಡಿಯಲ್ಲಿ ಹಿಂದಿನ ಆಕ್ಸಲನ್ನು ಸುಮಾರು 4 ಮಿ.ಮೀ. ಹಿಂದಕ್ಕೆ ಎಳೆಯಬೇಕಾಗುತ್ತದೆ. ಹಿಂದೆ ಮೂರು ಏರಿಸಿದರೆ 12 ಮಿ.ಮೀ. ಮುಂದಕ್ಕೆ ತರಬೇಕು, ಅಷ್ಟು ಜಾಗವಿಲ್ಲದಿದ್ದರೆ ಎರಡು ಕೊಂಡಿ ಹೆಚ್ಚಿರುವ ಚೈನು ಬೇಕು. ಉದ್ದ ಸಸ್ಪೆನ್ಷನ್ನಿನ ಗಾಡಿಗಳಲ್ಲಿ ಚೈನಿನ ಸಡಿಲವನ್ನು ಸ್ಟ್ಯಾಂಡಿನ ಮೇಲೆ ನೋಡಿದರೆ ಸಾಲದು. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗುತ್ತದೆ. ಸೀಟಿನ ಮೇಲೆ ಭಾರ ಹಾಕಿಸಿ ಆ ಸ್ಥಿತಿಗೆ ತಂದು, ಅಲ್ಲೂ ಸ್ವಲ್ಪ ಸಡಿಲ ಉಳಿದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಲಾಕ್ ವಾಷರ್ ಇದ್ದರೆ ಅದರ ಅಂಚನ್ನು ನಟ್ಟಿನ ಮೇಲೆ ಸರಿಯಾಗಿ ಮಡಚಿ, ಮೊದಲ ಸವಾರಿ ಮುಗಿಸಿ ಬಂದ ಸಂಜೆಯೇ ನಟ್ಟನ್ನೂ ಚೈನನ್ನೂ ಇನ್ನೊಮ್ಮೆ ನೋಡಿ.