ಮುಮ್ಮೂಲೆಯ ಕಾಂಡ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ಅಲ್ಲಿಯ ಬತ್ತದ ಗದ್ದೆಯ ಬದುವಿನಲ್ಲಿ ಒಂದು ಕಳೆಯ ಕಡ್ಡಿಯನ್ನು ಕಿತ್ತು ಬೆರಳುಗಳ ನಡುವೆ ಹೊಸೆದು ನೋಡಿರಿ. ಸರಾಗವಾಗಿ ಉರುಳದೆ ಮೂಲೆಮೂಲೆಗೂ ತಡೆದರೆ ಅದು ಹುಲ್ಲಲ್ಲ, ಜೇಕು. ಹುಲ್ಲಿನ ಕಾಂಡ ಸಾಮಾನ್ಯವಾಗಿ ದುಂಡು, ಗೆಣ್ಣುಗಳ ನಡುವೆ ಟೊಳ್ಳು. ಎಲೆಗಳು ಎರಡು ಸಾಲು. ಜೇಕಿನ ಕಾಂಡ ಮುಮ್ಮೂಲೆ, ಒಳಗೆ ತಿರುಳು; ಎಲೆಗಳು ಮೂರು ಸಾಲು.

ಈ ಭೇದವು ಪಂಡಿತರ ಕಾಲಕ್ಷೇಪವಲ್ಲ. ಹುಲ್ಲನ್ನಷ್ಟೇ ಕೊಲ್ಲುವ ಕಳೆನಾಶಕವನ್ನು ಜೇಕು ತುಂಬಿದ ಗದ್ದೆಗೆ ಸಿಂಪಡಿಸಿದರೆ ರೈತನ ಹಣ ನೀರುಪಾಲಾಗುತ್ತದೆ. ಜೇಕು ಮಾತ್ರ ಬತ್ತದ ಗೊಬ್ಬರದಲ್ಲಿಯೂ ಬಿಸಿಲಿನಲ್ಲಿಯೂ ಪಾಲು ಪಡೆಯುತ್ತ ಬೆಳೆಯುತ್ತಲೇ ಇರುತ್ತದೆ.

ಜೇಕಿನ ಕುಟುಂಬದಲ್ಲಿ 5,000ಕ್ಕೂ ಹೆಚ್ಚು ಜಾತಿಗಳಿವೆ. ಕ್ಯಾರೆಕ್ಸ್ ಎಂಬ ಒಂದೇ ಕುಲದಲ್ಲಿ ಸುಮಾರು 2,000. ಮಂಡ್ಯದ ಗದ್ದೆಗಳಲ್ಲಿ ಈ ಕುಲವನ್ನು ಹುಡುಕಿ ಫಲವಿಲ್ಲ. ಪಶ್ಚಿಮ ಘಟ್ಟದ ಎತ್ತರದ ಕಾಡುಗಳಿಗೆ ಹೋಗಬೇಕು. ಅಲ್ಲಿ ಕಾಡಿನಂಚಿನ ತಂಪಿನಲ್ಲಿ ಬೆಳೆಯುವ ಕ್ಯಾರೆಕ್ಸ್ ಬಕ್ಕಾನ್ಸ್ ಬಹುವಾರ್ಷಿಕ ಸಸ್ಯ. ಈ ಕುಲದಲ್ಲಿ ಪ್ರತಿ ಕಾಯಿಯೂ ಒಂದು ಪುಟ್ಟ ಚೀಲದೊಳಗೆ ಅಡಗಿರುತ್ತದೆ. ಬಕ್ಕಾನ್ಸಿನಲ್ಲಿ ಆ ಚೀಲಗಳು ಮಾಗಿ ಕೆಂಪಾಗಿ, ಗೊಂಚಲು ಹಣ್ಣಿನಂತೆ ಕಣ್ಸೆಳೆಯುತ್ತವೆ. ಗದ್ದೆಯಲ್ಲಿ ಶಾಪ ಹಾಕಿಸಿಕೊಳ್ಳುವ ವಂಶದಲ್ಲಿ ಇಂಥ ಚೆಲುವೆಯೂ ಇದ್ದಾಳೆ!

ಮುಮ್ಮೂಲೆಯಿಂದ ಗಿಡಕ್ಕೆ ಬರುವ ಲಾಭವೇನು? ಇಲ್ಲಿ ಭೌತಶಾಸ್ತ್ರವು ಬಾಯಿ ಹಾಕಬಹುದು. ಒಂದೇ ವಸ್ತುವಿನಿಂದ, ಒಂದೇ ಅಡ್ಡಕೊಯ್ತದ ಕ್ಷೇತ್ರಫಲವುಳ್ಳ ಎರಡು ಕಡ್ಡಿಗಳನ್ನು ಮಾಡಿದೆವೆನ್ನೋಣ: ಒಂದು ದುಂಡು, ಇನ್ನೊಂದು ಸಮಭುಜ ತ್ರಿಕೋನ. ಲೆಕ್ಕ ಹಾಕಿದರೆ, ಬಾಗಿಸುವುದಕ್ಕೆ ತ್ರಿಕೋನದ ಕಡ್ಡಿಯು ಒಡ್ಡುವ ಬಿಗಿತ ಸುಮಾರು ಶೇಕಡಾ 21ರಷ್ಟು ಹೆಚ್ಚು. ತಿರುಚುವುದಕ್ಕೆ ಸುಮಾರು ಶೇಕಡಾ 27ರಷ್ಟು ಕಡಿಮೆ. ಮೂಲೆಗಳು ನಡುವಿನಿಂದ ದೂರವಿರುವುದರಿಂದ ಬಾಗುವಿಕೆಯನ್ನು ಚೆನ್ನಾಗಿ ತಡೆಯುತ್ತವೆ. ತಿರುಚುವಾಗಲಾದರೋ ತುತ್ತತುದಿಯ ಮೂಲೆಗಳ ಮೇಲೆ ಒತ್ತಡವೇ ಬೀಳುವುದಿಲ್ಲ. ಅಲ್ಲಿಯ ವಸ್ತುವು ಸುಮ್ಮನೆ ಕುಳಿತಿರುತ್ತದೆ. ಇನ್ನೂ ಒಂದು ಸ್ವಾರಸ್ಯ: ಸಮಭುಜ ತ್ರಿಕೋನದ ಕಡ್ಡಿಯನ್ನು ಯಾವ ದಿಕ್ಕಿಗೆ ಬಾಗಿಸಿದರೂ ಬಿಗಿತ ಒಂದೇ.

ಹೀಗಾಗಿ ಗಾಳಿ ಬೀಸಿದಾಗ ಕಾಂಡವು ನೆಟ್ಟಗೆ ನಿಲ್ಲಲು ಯತ್ನಿಸುತ್ತ, ತೆನೆಯ ಭಾಗವನ್ನು ಗಾಳಿಯ ಮರೆಗೆ ಹೊರಳಿಸಿಬಿಡುತ್ತದೆ. 1993ರಲ್ಲಿ ಬ್ರಿಟನ್ನಿನ ರೋಲಂಡ್ ಎನ್ನೋಸ್ ಅವರು ಯೂರೋಪಿನ ಒಂದು ಕ್ಯಾರೆಕ್ಸಿನ ಹೂಕಾಂಡವನ್ನು ಪರೀಕ್ಷಿಸಿದಾಗ ಈ ವ್ಯತ್ಯಾಸವು ನಮ್ಮ ಸರಳ ಲೆಕ್ಕಕ್ಕಿಂತ ಬಹಳ ದೊಡ್ಡದಾಗಿ ಕಂಡಿತು. ಕಾರಣವಿಷ್ಟೆ: ನಿಜವಾದ ಕಾಂಡವು ಒಂದೇ ವಸ್ತುವಿನಿಂದಾದುದಲ್ಲ, ಗಡುಸಾದ ನಾರುಗಳು ಹೊರಮೈಯತ್ತ ಪ್ರತ್ಯೇಕ ಎಳೆಗಳಾಗಿ ನಿಂತಿರುತ್ತವೆ, ನಡುವೆ ಮೆತ್ತನೆಯ ತಿರುಳು.

ಬೆರಳಿನ ಪರೀಕ್ಷೆಯನ್ನೇ ಪೂರ್ತಿ ನಂಬಬಾರದು. ಕೆರೆಯಂಚಿನ ಕೆಲವು ಜೇಕುಗಳ ಕಾಂಡ ದುಂಡಾಗಿಯೇ ಇರುತ್ತದೆ. ಅಲ್ಲಿ ಕಾಂಡವನ್ನು ಅಡ್ಡಲಾಗಿ ಕೊಯ್ದು ಗೆಣ್ಣನ್ನೂ ತಿರುಳನ್ನೂ ನೋಡಬೇಕು.